ಮುಂದಿನ ಕಾದಂಬರಿ ಯಾವುದು? ಕೊರತೆ ನೋಡಿ ಆರಿಸಿ

ಕನ್ನಡದಲ್ಲಿ ಒಂದು ಒಳ್ಳೆ ಕಾದಂಬರಿ ಹೇಳಿ ಅಂತ ಕೇಳಿ ನೋಡಿ, ಸಿಗುವುದು ಉದ್ದನೆಯ ಪಟ್ಟಿ. ಅದರಲ್ಲಿರುವ ಎಲ್ಲವೂ ಅದ್ಭುತ, ಎಲ್ಲವೂ ಓದಲೇಬೇಕಾದ್ದು. ಕೇಳಿದವರು ಹೆಸರು ಜಾಸ್ತಿ ಕಿವಿಗೆ ಬಿದ್ದ ಪುಸ್ತಕ ತರುತ್ತಾರೆ, ಐವತ್ತು ಅರವತ್ತು ಪುಟ ಓದುತ್ತಾರೆ, ಅಲ್ಲಿಗೆ ನಿಲ್ಲುತ್ತದೆ. ಆಮೇಲೆ "ನನಗೆ ಓದೋ ಅಭ್ಯಾಸವೇ ತಪ್ಪಿಹೋಗಿದೆ" ಅನ್ನುತ್ತಾರೆ. ಅಭ್ಯಾಸ ತಪ್ಪಿರುವುದಿಲ್ಲ. ಆ ಹೊತ್ತಿಗೆ, ಆ ಮನಸ್ಸಿಗೆ ಆ ಪುಸ್ತಕ ಹೊಂದಿರುವುದಿಲ್ಲ, ಅಷ್ಟೆ.

ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಕೆಲಸ, ಮನೆ ಎಲ್ಲ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಕಥೆಗಾಗಿ ಓದುವವಳು. ಈಚೆಗೆ ಓದಿದ ಕಾದಂಬರಿಗಳನ್ನೂ ಮತ್ತೊಮ್ಮೆ ಓದಿದ ಕೆಲವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಖಚಿತವಾದದ್ದು ಇದು: ಪುಸ್ತಕದಲ್ಲಿ ಏನು ಚೆನ್ನಾಗಿದೆ ಅಂತ ಕೇಳಿ ಆರಿಸುವುದಕ್ಕಿಂತ, ಏನು ಕಡಿಮೆ ಅಂತ ಮೊದಲೇ ಕೇಳಿಕೊಂಡು ಆರಿಸುವುದು ಮೇಲು. ಚೆನ್ನಾಗಿರುವುದು ಬಹುಪಾಲು ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ. ಕೊರತೆ ಹಾಗಲ್ಲ. ಒಬ್ಬರಿಗೆ ನಿಧಾನದ ಕಥೆ ಒಗ್ಗುವುದಿಲ್ಲ. ಇನ್ನೊಬ್ಬರಿಗೆ ಪಾತ್ರಗಳು ಪಾಠ ಮಾಡುವ ಹಾಗೆ ಮಾತಾಡಿದರೆ ಸಿಟ್ಟು ಬರುತ್ತದೆ. ಮತ್ತೊಬ್ಬರಿಗೆ ಕೊನೆಯಲ್ಲಿ ಎಲ್ಲ ಬಿಡಿಸಿ ಹೇಳದೆ ಹೋದರೆ ಮೋಸ ಹೋದ ಹಾಗನ್ನಿಸುತ್ತದೆ. ಯಾವ ಕೊರತೆಯನ್ನು ನೀವು ಸಲೀಸಾಗಿ ದಾಟಿಕೊಂಡು ಹೋಗುತ್ತೀರೋ ಆ ಪುಸ್ತಕ ನಿಮ್ಮದು. ಕೆಳಗೆ ಹೇಳಿರುವುದೆಲ್ಲ ಈ ಒಂದೇ ಅಳತೆಯಲ್ಲಿ. ಕಥೆಯ ಗುಟ್ಟು ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ನಿಧಿಯ ಕಥೆ: ತೇಜಸ್ವಿಯೋ, ಗಣೇಶಯ್ಯನೋ?

ಶುರು ಮಾಡಿದರೆ ಕೆಳಗಿಡಬಾರದು ಅನ್ನುವವರಿಗೆ ಮೊದಲು ಹೇಳಬೇಕಾದದ್ದು ಇವರಿಬ್ಬರನ್ನೇ. ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಒಂದು ಕಡೆ, ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು', 'ಕರಿಸಿರಿಯಾನ' ಇನ್ನೊಂದು ಕಡೆ. ಇವನ್ನು ಜೊತೆಗಿಡಲು ಕಾರಣವಿದೆ. ಎರಡು ಕಡೆಯೂ ಹಳೆ ಕಾಲದವರು ಬಿಟ್ಟುಹೋದ ಒಂದು ಸುಳಿವು, ಅದರಾಚೆ ಎಲ್ಲೋ ಸಂಪತ್ತು, ಅದರ ಬೆನ್ನು ಹತ್ತಿದ ಜನ. ಆದರೆ ಓದುವಾಗ ಸಿಗುವ ಅನುಭವ ಪೂರ್ತಿ ಬೇರೆ.

'ಜುಗಾರಿ ಕ್ರಾಸ್'ನಲ್ಲಿ ಸುರೇಶ, ಗೌರಿ ಅನ್ನುವ ಎಳೆಯ ದಂಪತಿ ತಾವು ಬೆಳೆದ ಏಲಕ್ಕಿ ಮಾರಲು ಹೊರಡುತ್ತಾರೆ. ಕಥೆಯೆಲ್ಲ ನಡೆಯುವುದು ಹೆಚ್ಚುಕಡಿಮೆ 24 ಗಂಟೆಯೊಳಗೆ. ಅಷ್ಟರಲ್ಲಿ ಪಶ್ಚಿಮ ಘಟ್ಟದ ಕಾಡು, ಕಳ್ಳಸಾಗಣೆ, ರೈಲು, ಹಳೆಯ ಕಾವ್ಯವೊಂದರ ಸಾಲುಗಳಲ್ಲಿ ಅಡಗಿದ ಕೆಂಪು ಹರಳಿನ ಸುಳಿವು, ಎಲ್ಲ ಬಂದು ಆ ಇಬ್ಬರ ಸುತ್ತ ಸುತ್ತಿಕೊಳ್ಳುತ್ತವೆ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ನಿಧಿ ಅಲ್ಲ, ಗಂಡ ಹೆಂಡತಿಯ ಮಾತು. ಸಾಲ, ಬೆಲೆ, ಮುಂದೇನು ಅನ್ನುವ ಚಿಂತೆ, ಅದರ ನಡುವೆಯೇ ಒಬ್ಬರನ್ನೊಬ್ಬರು ಛೇಡಿಸುವುದು. ಇಂಥ ಜನ ನಮಗೆ ಗೊತ್ತು ಅನ್ನಿಸಿದ ಮೇಲೆ ಅವರಿಗೆ ಅಪಾಯ ಬಂದರೆ ನಮಗೆ ಎದೆ ಹೊಡೆದುಕೊಳ್ಳುತ್ತದೆ ಅಲ್ವಾ? ರೋಚಕತೆ ಹುಟ್ಟುವುದು ಅಲ್ಲಿಂದ. ಬಂದೂಕು, ಓಡಾಟ ಎಲ್ಲ ಆಮೇಲಿನದು.

ಇದರ ಕೊರತೆ ಏನು? ಒಂದೇ ದಿನದೊಳಗೆ ಇಷ್ಟೊಂದು ಕಾಕತಾಳೀಯ ಹೇಗೆ ಅಂತ ಲೆಕ್ಕ ಹಾಕುವವರಿಗೆ ಕಷ್ಟ. ಜೊತೆಗೆ ಕೆಲವು ಎಳೆಗಳನ್ನು ತೇಜಸ್ವಿ ಕಟ್ಟಿ ಮುಗಿಸುವುದಿಲ್ಲ, ಹಾಗೇ ಬಿಟ್ಟುಬಿಡುತ್ತಾರೆ. ಎಲ್ಲ ಪ್ರಶ್ನೆಗೂ ಕೊನೆಯ ಪುಟದಲ್ಲಿ ಉತ್ತರ ಸಿಗಲೇಬೇಕು ಅನ್ನುವ ಪತ್ತೇದಾರಿ ಓದುಗರು ನೀವಾದರೆ ಸ್ವಲ್ಪ ಗೊಣಗುತ್ತೀರಿ. ನನಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ.

ಗಣೇಶಯ್ಯನವರದು ಬೇರೆಯೇ ದಾರಿ. ಅವರು ಕೃಷಿ ವಿಜ್ಞಾನಿ. ಬರೆಯುವುದೂ ಸಂಶೋಧಕರ ಹಾಗೆಯೇ. ಪುಟಗಳ ನಡುವೆ ಶಾಸನದ ಮಾತು, ಫೋಟೋ, ಆಕರಗಳು ಬರುತ್ತವೆ. 'ಕನಕ ಮುಸುಕು' ಹೊರಡುವ ಪ್ರಶ್ನೆಯನ್ನೇ ನೋಡಿ. ಮುಸುಕಿನ ಜೋಳ ಅಮೆರಿಕದ ಬೆಳೆ, 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆ ಉಳಿದ ಜಗತ್ತಿಗೆ ಹರಡಿತು ಅನ್ನುವುದು ಎಲ್ಲರೂ ಒಪ್ಪಿದ ಚರಿತ್ರೆ. ಸೋಮನಾಥಪುರದ ದೇವಾಲಯ 13ನೇ ಶತಮಾನದ್ದು. ಹಾಗಾದರೆ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಜೋಳದ ತೆನೆಯ ಹಾಗೆ ಕಾಣುವ ಅದೇನು? ಇದು ಕಾದಂಬರಿಗಾಗಿ ಹುಟ್ಟಿಸಿದ ಪ್ರಶ್ನೆಯಲ್ಲ, ವಿದ್ವಾಂಸರು ನಿಜಕ್ಕೂ ವಾದ ಮಾಡಿರುವ ವಿಷಯ. ಅದು ಜೋಳವೇ ಅಂದವರಿದ್ದಾರೆ, ಜೋಳ ಅಲ್ಲವೇ ಅಲ್ಲ, ಶಿಲ್ಪಿಗಳು ಕಲ್ಪಿಸಿ ಕೆತ್ತಿದ ಹಣ್ಣು ಅಂದವರೂ ಇದ್ದಾರೆ. ಓದುತ್ತಿರುವಾಗಲೇ ಮೊಬೈಲ್ ತೆಗೆದು ಆ ಶಿಲ್ಪದ ಚಿತ್ರ ಹುಡುಕುತ್ತೀರಿ, ನೋಡ್ತಾ ಇರಿ.

'ಕರಿಸಿರಿಯಾನ'ದ ಎಳೆ ವಿಜಯನಗರದ್ದು. 1565ರ ತಾಳಿಕೋಟೆ ಯುದ್ಧದಲ್ಲಿ ಸೋತ ಮೇಲೆ ಅರಮನೆಯವರು ರಾಜಧಾನಿಯ ಸಂಪತ್ತನ್ನು ಆನೆಗಳ ಮೇಲೆ ಹೇರಿಕೊಂಡು ಹೋದರಲ್ಲ, ಅದು ಕೊನೆಗೆ ಎಲ್ಲಿಗೆ ಹೋಯಿತು? ರಾಬರ್ಟ್ ಸೀವೆಲ್ 1900ರಲ್ಲಿ ತಂದ ವಿಜಯನಗರದ ಚರಿತ್ರೆಯಲ್ಲಿ 550 ಆನೆಗಳ ಲೆಕ್ಕ ಕೊಡುತ್ತಾರೆ. ಅಷ್ಟು ಸಾಕಲ್ವಾ ಕುತೂಹಲ ಕೆರಳಲು?

ಆದರೆ ಗಣೇಶಯ್ಯನವರ ಪಾತ್ರಗಳು ಮನಸ್ಸಿನಲ್ಲಿ ಉಳಿಯುವುದಿಲ್ಲ. ಒಬ್ಬರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಒಂದೂವರೆ ಪುಟ ವಿವರಿಸುತ್ತಾರೆ, ಕೇಳಿದವರು "ಅಂದರೆ..." ಅನ್ನುತ್ತಾರೆ, ಮತ್ತೆ ವಿವರಣೆ. ಯಾರು ಮಾತಾಡುತ್ತಿದ್ದಾರೆ ಅಂತ ಹೆಸರು ತೆಗೆದುಬಿಟ್ಟರೆ ಹೇಳುವುದು ಕಷ್ಟ. ಪುಸ್ತಕ ಮುಗಿಸಿ ತಿಂಗಳಾದ ಮೇಲೂ ಆ ಶಿಲ್ಪ, ಆ ಆನೆಗಳ ಸಾಲು ನನ್ನ ತಲೆಯಲ್ಲಿದೆ, ನಾಯಕನ ಹೆಸರು ಇಲ್ಲ. ಚರಿತ್ರೆ, ವಿಜ್ಞಾನ, ಊರೂರು ಸುತ್ತಿ ದೇವಸ್ಥಾನ ನೋಡುವ ಹುಚ್ಚು ಇರುವವರಿಗೆ ಇದು ಕೊರತೆ ಅಂತಲೇ ಅನ್ನಿಸದು. ಮನುಷ್ಯರಿಗಾಗಿ ಓದುವವರಿಗೆ ಅನ್ನಿಸುತ್ತದೆ.

ಹಾಗಾಗಿ ನನ್ನ ಮಾತು ಇಷ್ಟು. ಓದು ನಿಂತುಹೋಗಿ ವರ್ಷಗಳಾಗಿದ್ದರೆ 'ಜುಗಾರಿ ಕ್ರಾಸ್'. ಕಾದಂಬರಿ ಅಂದರೆ ಸುಮ್ನೆ ಟೈಮ್ ವೇಸ್ಟ್, ಅದರಿಂದ ಏನು ತಿಳಿಯುತ್ತದೆ ಅಂತ ಕೇಳುವ ಅಣ್ಣನೋ ಮಾವನೋ ಮನೆಯಲ್ಲಿದ್ದರೆ ಅವರ ಕೈಗೆ ಗಣೇಶಯ್ಯ.

ತೇಜಸ್ವಿಯವರದೇ 'ಕರ್ವಾಲೊ' ಬಗ್ಗೆಯೂ ಎಲ್ಲರೂ ಕೇಳುತ್ತಾರೆ, ಎರಡರಲ್ಲಿ ಯಾವುದು ಮೊದಲು ಅಂತ. 1980ರ ಪುಸ್ತಕ, ತೆಳ್ಳಗಿದೆ, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಇದರಲ್ಲೂ ಹುಡುಕಾಟವೇ, ಆದರೆ ಹುಡುಕುವುದು ಹಾರುವ ಓತಿಯನ್ನು. ನಗು ಜಾಸ್ತಿ, ಅವಸರ ಕಡಿಮೆ. ಮೊದಲ ಅರ್ಧದಲ್ಲಿ ಕಥೆ ಯಾವ ಕಡೆಗೆ ಹೊರಟಿದೆ ಅಂತ ಗೊತ್ತೇ ಆಗುವುದಿಲ್ಲ. ಜೇನು ಅನ್ನುತ್ತಾರೆ, ಮಂದಣ್ಣನ ಮದುವೆ ಅನ್ನುತ್ತಾರೆ, ಕಳ್ಳಭಟ್ಟಿ ಕೇಸು ಅನ್ನುತ್ತಾರೆ, ಬಿರಿಯಾನಿ ಕರಿಯಪ್ಪ ಬರುತ್ತಾನೆ, ಕಿವಿ ಅನ್ನುವ ನಾಯಿ ಬರುತ್ತದೆ. ಎಲ್ಲಿಗೋ ಕರೆದುಕೊಂಡು ಹೋಗುತ್ತಾರೆ ಬಿಡಿ ಅಂತ ನಂಬಿಕೆಯಿಟ್ಟು ಜೊತೆಗೆ ನಡೆಯಬೇಕು. ನಂಬಿದವರಿಗೆ ಕೊನೆಯ ಅಧ್ಯಾಯ ಕೊಡುವಷ್ಟನ್ನು ಕನ್ನಡದ ಬೇರೆ ಯಾವ ಜನಪ್ರಿಯ ಕಾದಂಬರಿಯೂ ನನಗೆ ಕೊಟ್ಟಿಲ್ಲ. ಊರಿನವರೆಲ್ಲ ದಂಡಪಿಂಡ ಅನ್ನುವ ಮಂದಣ್ಣನನ್ನು ದೊಡ್ಡ ವಿಜ್ಞಾನಿಯೊಬ್ಬರು ಸರಿಸಮಾನವಾಗಿ ನೋಡುತ್ತಾರಲ್ಲ, ಅದನ್ನು ಓದುವಾಗ ಕಣ್ಣು ತುಂಬಿತು. ಆದರೂ ರೋಚಕತೆಯೇ ಮುಖ್ಯ ಅನ್ನುವವರು ಮೊದಲು 'ಜುಗಾರಿ ಕ್ರಾಸ್' ಓದಿ.

ರಾಜರ ಕಾಲಕ್ಕೆ ಹೋಗಬೇಕಾದರೆ

ಇಲ್ಲಿ ನನ್ನ ಮುಂದಿದ್ದದ್ದು ವಸುಧೇಂದ್ರ ಅವರ 'ತೇಜೋ-ತುಂಗಭದ್ರಾ' ಮತ್ತು ತ.ರಾ.ಸು. ಅವರ 'ದುರ್ಗಾಸ್ತಮಾನ'. ಒಂದು 2019ರದ್ದು, ಇನ್ನೊಂದು 1982ರದ್ದು. ಎರಡೂ ದಪ್ಪ.

'ತೇಜೋ-ತುಂಗಭದ್ರಾ'ದಲ್ಲಿ ಎರಡು ನದಿ, ಎರಡು ಊರು. ಲಿಸ್ಬನ್ನಿನ ತೇಜೋ ದಂಡೆಯಲ್ಲಿ ಗೇಬ್ರಿಯಲ್ ಅನ್ನುವ ಕ್ರೈಸ್ತ ಹುಡುಗ, ಬೆಲ್ಲಾ ಅನ್ನುವ ಯಹೂದಿ ಹುಡುಗಿ. ತುಂಗಭದ್ರೆಯ ಈ ಕಡೆ ವಿಜಯನಗರದ ನೆರಳಿನಲ್ಲಿರುವ ಒಂದು ಹಳ್ಳಿಯ ಹಂಪಮ್ಮ, ಕೇಶವ. ಕಾಲ 15ನೇ ಶತಮಾನದ ಕೊನೆ, 16ರ ಆರಂಭ. ಕಾಳುಮೆಣಸಿಗಾಗಿ ಪೋರ್ಚುಗೀಸರು ಸಮುದ್ರ ದಾಟಿ ಬಂದ ಕಾಲ. 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ ಕಾಲ. ಇದನ್ನೆಲ್ಲ ಶಾಲೆಯಲ್ಲಿ ಎರಡು ಸಾಲಿನಲ್ಲಿ ಓದಿ ಮರೆತಿದ್ದೆವು. ಇಲ್ಲಿ ಅದು ಹಸಿವು, ಹಡಗಿನ ದುರ್ವಾಸನೆ, ಊರು ಬಿಟ್ಟು ಓಡುವ ಭಯ ಆಗಿ ಬರುತ್ತದೆ.

ನನಗೆ ಈ ಪುಸ್ತಕದಲ್ಲಿ ಮೆಚ್ಚುಗೆಯಾದದ್ದು, ಎರಡು ಕಡೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು. ಲಿಸ್ಬನ್ನಿನಲ್ಲಿ ಯಹೂದಿಗಳನ್ನು ಧರ್ಮದ ಹೆಸರಲ್ಲಿ ಹಿಂಸಿಸುವುದನ್ನು ಓದಿ "ಅಬ್ಬಾ ಎಂಥ ಜನ" ಅನ್ನುವಷ್ಟರಲ್ಲಿ ನಮ್ಮ ವಿಜಯನಗರ ಬರುತ್ತದೆ. ಮುತ್ತು ರತ್ನ ಬೀದಿಯಲ್ಲಿ ಮಾರಿದ ಸುವರ್ಣಯುಗ ಅಂತ ಹೇಳಿಕೊಟ್ಟಿದ್ದರಲ್ಲ, ಅದೇ ನೆಲದಲ್ಲಿ ಸತಿ ಹೋಗುವ ಹೆಣ್ಣುಮಕ್ಕಳಿದ್ದಾರೆ, ದೊರೆಗಾಗಿ ಪ್ರಾಣ ಒಪ್ಪಿಸುತ್ತೇನೆ ಅಂತ ಮಾತು ಕೊಟ್ಟ ಲೆಂಕರಿದ್ದಾರೆ. ಹಾಗಂತ ಸುಮ್ಮನೆ ಬೈಯುವುದೂ ಇಲ್ಲ. ಲೆಂಕನ ಮನೆಯವರಿಗೆ ಅದು ಹೆಮ್ಮೆಯೂ ಹೌದು, ಸಂಕಟವೂ ಹೌದು. ಎರಡನ್ನೂ ಒಟ್ಟಿಗೆ ತೋರಿಸುವುದು ಸುಲಭದ ಕೆಲಸವಲ್ಲ.

ಕೊರತೆ ಅಂದರೆ, ಕ್ರೌರ್ಯ ತುಂಬಾ ಇದೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಮಲಗುವ ಮುಂಚೆ ಓದುವವರಿಗೆ, ಮೈಮನಸ್ಸು ಸೂಕ್ಷ್ಮ ಇರುವವರಿಗೆ, ಗರ್ಭಿಣಿಯರಿಗೆ, ಮನೆಯಲ್ಲಿ ಈಚೆಗೆ ಸಾವು ಕಂಡವರಿಗೆ ನಾನು ಈಗಲೇ ಓದಿ ಅಂತ ಹೇಳುವುದಿಲ್ಲ. ಎರಡನೆಯದು, ಎರಡು ಲೋಕ ಒಂದನ್ನೊಂದು ಮುಟ್ಟಲು ಬಹಳ ಪುಟ ಬೇಕು. ಲಿಸ್ಬನ್ನಿನ ಕಥೆ ಹಿಡಿದುಕೊಂಡಾಗಲೇ ತುಂಗಭದ್ರೆಗೆ ಎಳೆದು ತರುತ್ತಾರೆ, ಅಲ್ಲಿ ಹೊಂದಿಕೊಂಡಾಗ ಮತ್ತೆ ಹಡಗು. ಮಧ್ಯೆ ವಾರಗಟ್ಟಲೆ ಬಿಟ್ಟು ಓದಿದರೆ ಹೆಸರುಗಳೇ ಕಲಸಿಹೋಗುತ್ತವೆ. ದಸರಾ ರಜೆಯೋ ಬೇಸಿಗೆ ರಜೆಯೋ ನೋಡಿಕೊಂಡು ಕೂರಬೇಕು.

'ದುರ್ಗಾಸ್ತಮಾನ' ಒಂದೇ ಕೋಟೆಯ ಕಥೆ. ಚಿತ್ರದುರ್ಗ, ಅದರ ಕೊನೆಯ ನಾಯಕ ಮದಕರಿ, ಎದುರಿಗೆ ಹೈದರಾಲಿ. 1779ರಲ್ಲಿ ದುರ್ಗ ಬಿತ್ತು ಅಂತ ಎಲ್ಲರಿಗೂ ಗೊತ್ತು, ಪುಸ್ತಕದ ಹೆಸರೇ ಅದನ್ನು ಹೇಳಿಬಿಡುತ್ತದೆ. ಗೊತ್ತಿದ್ದೂ ಬೀಳಬಾರದು ಅಂತ ಹಾರೈಸುತ್ತಾ ಓದುತ್ತೀರಿ. ತ.ರಾ.ಸು. ಅವರಿಗೆ ಆ ಕೋಟೆಯ ಮೇಲಿದ್ದ ಪ್ರೀತಿ ಅಂಥದ್ದು. 1985ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಬದುಕಿರಲಿಲ್ಲ.

ಇದರ ಕೊರತೆ ಭಾಷೆ ಮತ್ತು ಉದ್ದ. ಮಾತುಗಳೆಲ್ಲ ಆಸ್ಥಾನದ ಗತ್ತಿನವು, ಭಾವನೆ ಬಂದರೆ ಪುಟಗಟ್ಟಲೆ ಹರಿಯುತ್ತದೆ. ನಾಟಕದ ಸಂಭಾಷಣೆ ಕೇಳುತ್ತಾ ಬೆಳೆದವರಿಗೆ ಇದು ಹಬ್ಬ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಈಗ ಕನ್ನಡಕ್ಕೆ ಮರಳುತ್ತಿರುವವರಿಗೆ ಮೊದಲ ಪುಸ್ತಕವಾಗಿ ಇದು ಭಾರ. ಅವರು 'ಕಂಬನಿಯ ಕುಯಿಲು' ಎತ್ತಿಕೊಳ್ಳಲಿ. ಅದೇ ದುರ್ಗ, ದಳವಾಯಿ ಮುದ್ದಣ್ಣನ ಸಂಚು, ಅರಮನೆಯೊಳಗಿನ ರಕ್ತ. ಅದಾದ ಮೇಲೆ 'ರಕ್ತರಾತ್ರಿ', 'ತಿರುಗುಬಾಣ'. ಮೂರನ್ನೂ ಸಾಲಾಗಿ ಓದಿದವರಿಗೆ 'ದುರ್ಗಾಸ್ತಮಾನ'ದ ಉದ್ದ ಹೆದರಿಕೆ ಹುಟ್ಟಿಸುವುದಿಲ್ಲ. ಚಿತ್ರದುರ್ಗಕ್ಕೆ ಹೋಗುವ ಯೋಚನೆ ಇದ್ದರಂತೂ ಮೊದಲು ಓದಿ, ಆಮೇಲೆ ಕೋಟೆ ಹತ್ತಿ.

ಎರಡರಲ್ಲಿ ಒಂದೇ ಕೊಳ್ಳಲು ದುಡ್ಡಿದೆ ಅಂದರೆ ನಾನು 'ತೇಜೋ-ತುಂಗಭದ್ರಾ' ಅನ್ನುತ್ತೇನೆ. ಭಾಷೆ ಇವತ್ತಿನದು, ಪ್ರಶ್ನೆಗಳೂ ಇವತ್ತಿಗೆ ತಾಗುವಂಥವು.

ಮನೆಯೊಳಗಿನ ಕಥೆ

ಇದು ನನಗೆ ತುಂಬಾ ಹತ್ತಿರದ ಬಗೆ. ಯುದ್ಧ, ನಿಧಿ ಏನೂ ಬೇಡ, ಒಂದು ಮನೆ, ನಾಲ್ಕು ಜನ, ಅವರ ನಡುವೆ ಹರಿದಾಡುವ ದುಡ್ಡು ಮತ್ತು ಮಾತು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಮತ್ತು ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಇದರ ಎರಡು ತುದಿಗಳು.

'ಘಾಚರ್ ಘೋಚರ್' ಬಲು ಚಿಕ್ಕದು. ಬೆಂಗಳೂರಿನ ಒಂದು ಕುಟುಂಬ. ಒಂದರ ಹಿಂದೊಂದು ಕೋಣೆಗಳಿದ್ದ ಪುಟ್ಟ ಮನೆಯಲ್ಲಿ ಅಪ್ಪನ ಸಂಬಳದ ಮೇಲೆ ಎಣಿಸಿ ಎಣಿಸಿ ಬದುಕಿದವರು. ಚಿಕ್ಕಪ್ಪ ಶುರು ಮಾಡಿದ ಸೋನಾ ಮಸಾಲಾ ವ್ಯಾಪಾರ ಕೈಹಿಡಿದು ದೊಡ್ಡ ಮನೆಗೆ ಬರುತ್ತಾರೆ. ಆಮೇಲೆ ದುಡಿಯುವ ಚಿಕ್ಕಪ್ಪನಿಗೆ ತೊಂದರೆಯಾಗದ ಹಾಗೆ ಮನೆಯವರೆಲ್ಲ ಸುತ್ತ ಕಾವಲು ನಿಲ್ಲುತ್ತಾರೆ. ಒಂದು ದಿನ ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ, ಚಿಕ್ಕಪ್ಪನನ್ನು ಕೇಳಿಕೊಂಡು. ಕೈಯಲ್ಲಿ ಅವನಿಗೆಂದೇ ಮಾಡಿ ತಂದ ಮಸೂರ್ ಬೇಳೆಯ ಅಡುಗೆ. ಮನೆಯ ಹೆಂಗಸರು ಅವಳನ್ನು ಬೈದು ಓಡಿಸುತ್ತಾರೆ. ಅವಳು ಯಾರು, ಇವನಿಗೆ ಏನಾಗಬೇಕು, ಯಾರೂ ಕೇಳುವುದಿಲ್ಲ. ಕಥೆ ಹೇಳುವವನು ನಿಂತು ನೋಡುತ್ತಾನೆ. ಅಷ್ಟೇ ದೃಶ್ಯ. ಒಬ್ಬರಿಗೂ ಒಂದು ಏಟು ಬೀಳುವುದಿಲ್ಲ, ಆದರೆ ಓದಿ ಮುಗಿಸಿದಾಗ ಆ ಮನೆಯವರ ಬಗ್ಗೆ ನಿಜವಾಗಿ ಹೆದರಿಕೆ ಶುರುವಾಗುತ್ತದೆ. ಹಳೆ ಮನೆಯಲ್ಲಿ ಇರುವೆಗಳ ವಿರುದ್ಧ ಅಮ್ಮ ನಡೆಸಿದ ಯುದ್ಧವನ್ನು ನಗುತ್ತಾ ಓದಿರುತ್ತೀರಿ, ಈಗ ಅದು ಬೇರೆಯೇ ಅರ್ಥದಲ್ಲಿ ನೆನಪಾಗುತ್ತದೆ.

ಇಲ್ಲಿ ಕೊರತೆ ಕೊನೆಯದ್ದು. ಏನಾಯಿತು ಅಂತ ಲೇಖಕರು ಹೇಳುವುದಿಲ್ಲ. ನೀವೇ ಊಹಿಸಬೇಕು. ಊಹೆ ಮಾಡಿ ಮೈ ಜುಮ್ಮೆನ್ನಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. "ಹಾಂ? ಮುಗೀತಾ?" ಅಂತ ಹಿಂದಿನ ಪುಟ ತಿರುಗಿಸುವವರಿಗೆ ಕೋಪ ಬರುತ್ತದೆ. ನಾನು ಮೊದಲ ಗುಂಪು. ನಮ್ಮ ಮನೆಯಲ್ಲೇ ಓದಿದ ಅಕ್ಕ ಎರಡನೆಯ ಗುಂಪು, ಇವತ್ತಿಗೂ ಒಪ್ಪಿಲ್ಲ.

'ಗೃಹಭಂಗ'ದಲ್ಲಿ ಏನನ್ನೂ ಊಹಿಸುವ ಅಗತ್ಯವಿಲ್ಲ. 1970ರ ಕಾದಂಬರಿ, ಸ್ವಾತಂತ್ರ್ಯಕ್ಕೆ ಮುಂಚಿನ ಹಳೆ ಮೈಸೂರಿನ ಹಳ್ಳಿ. ನಂಜಮ್ಮ, ಅವಳ ಕೈಲಾಗದ ಗಂಡ ಚೆನ್ನಿಗರಾಯ, ಬಾಯಿ ತೆರೆದರೆ ಬೈಗುಳವೇ ಬರುವ ಅತ್ತೆ ಗಂಗಮ್ಮ. ಶಾನುಭೋಗಿಕೆ ಹೆಸರಿಗೆ ಗಂಡನದು, ಲೆಕ್ಕ ಬರೆಯುವವಳು ನಂಜಮ್ಮ. ಊಟದ ಎಲೆ ಹಚ್ಚಿ ಮಾರಿ ಮಕ್ಕಳಿಗೆ ಊಟ ಹಾಕುವವಳೂ ಅವಳೇ. ಮುತ್ತುಗದ ಎಲೆ ತಂದು, ಒಣಗಿಸಿ, ಕಡ್ಡಿ ಚುಚ್ಚಿ ಹಚ್ಚಿ ಕಟ್ಟು ಕಟ್ಟುವ ಆ ಕೆಲಸ ಪುಸ್ತಕದುದ್ದಕ್ಕೂ ನಡೆದೇ ಇರುತ್ತದೆ. ನಮ್ಮ ಅಜ್ಜಿಯ ಕಾಲದವರು ಇದನ್ನು ಓದಿದರೆ ಕಥೆ ಅನ್ನುವುದಿಲ್ಲ, ನಮ್ಮೂರಿನಲ್ಲೂ ಒಬ್ಬಳಿದ್ದಳು ಅಂತ ಶುರು ಮಾಡುತ್ತಾರೆ.

ಹೊಗಳಿಕೆ ಸಾಕು, ಕೊರತೆಗೆ ಬರುತ್ತೇನೆ. ಕಷ್ಟದ ಮೇಲೆ ಕಷ್ಟ. ಪ್ಲೇಗು ಬರುವ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದೇನೆ. ಲೇಖಕರು ಎಲ್ಲೂ ಅಳಿಸಲು ಪ್ರಯತ್ನಿಸುವುದಿಲ್ಲ, ಅದಕ್ಕೇ ಜಾಸ್ತಿ ತಾಗುತ್ತದೆ. ಒಂದು ಸಮಾಧಾನದ ತಿರುವು ಬರಲಿ ಅಂತ ಕಾಯುವವರು ಇದನ್ನು ತೆಗೆದುಕೊಳ್ಳಬೇಡಿ, ಈಗಂತೂ ಬೇಡ. ಗಟ್ಟಿ ಹೆಣ್ಣುಮಗಳೊಬ್ಬಳನ್ನು ಪೂರ್ತಿಯಾಗಿ, ಅವಳ ಸಿಟ್ಟು ಸಮೇತ ನೋಡಬೇಕು ಅನ್ನುವವರು ಖಂಡಿತ ತೆಗೆದುಕೊಳ್ಳಿ.

ಇವೆರಡರ ನಡುವೆ ಎಲ್ಲೋ ತ್ರಿವೇಣಿಯವರ 'ಶರಪಂಜರ' ಇದೆ. ಕಲ್ಪನಾ ಅಭಿನಯದ 1971ರ ಸಿನಿಮಾ ನೋಡಿದವರು ಪುಸ್ತಕ ಯಾಕೆ ಅಂತ ಬಿಟ್ಟಿರುತ್ತಾರೆ. ಬಿಡಬೇಡಿ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಯಾಗಿ, ಗುಣವಾಗಿ ಮನೆಗೆ ಬಂದವಳನ್ನು ಮನೆಯವರು ಹೇಗೆ ನೋಡುತ್ತಾರೆ ಅನ್ನುವುದು ಕಥೆ. ಕಾಯಿಲೆಗಿಂತ ಆ ನೋಟವೇ ಅವಳನ್ನು ಹಿಂಡುತ್ತದೆ. ತ್ರಿವೇಣಿ 1963ರಲ್ಲೇ ತೀರಿಕೊಂಡರು, ಇನ್ನೂ ಮೂವತ್ತರ ಹರೆಯ. ಬಾಣಂತಿಯರ ಮನಸ್ಸಿನ ಬಗ್ಗೆ ಈಗ ಈಗ ಮಾತಾಡಲು ಕಲಿಯುತ್ತಿದ್ದೇವೆ, ಅವರು ಅಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಸಂಭಾಷಣೆ ಸ್ವಲ್ಪ ಹಳೆಯ ಕಾಲದ್ದು, ಭಾವನೆ ಬಿಚ್ಚಿಯೇ ಹೇಳುತ್ತಾರೆ, ಅದು ಇವತ್ತಿನ ಓದುಗರಿಗೆ ಜಾಸ್ತಿ ಅನ್ನಿಸಬಹುದು. ಎರಡು ಸಂಜೆಗೆ ಮುಗಿಯುತ್ತದೆ. ಹೊಸದಾಗಿ ತಾಯಿಯಾದವಳ ಕೈಗಲ್ಲ, ಅವಳ ಗಂಡನ ಕೈಗೆ, ಅತ್ತೆಯ ಕೈಗೆ ಕೊಡಬೇಕಾದ ಪುಸ್ತಕ ಇದು.

ಟೈಮೇ ಇಲ್ಲ ಅನ್ನುವವರು, ದೂರದಲ್ಲಿರುವವರು

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಆ ಪುಸ್ತಕವನ್ನೇ, 'ಹಾರ್ಟ್ ಲ್ಯಾಂಪ್' ಅನ್ನೇ, ಕೇಳುವವರು ಬಹಳ. ಅದು ಕಾದಂಬರಿಯಲ್ಲ, ಕಥೆಗಳು, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕಥೆಗಳು. ಕನ್ನಡ ಓದಲು ಬರುವವರು ದಯವಿಟ್ಟು ಕನ್ನಡದಲ್ಲೇ ಓದಿ. ಹಾಸನದ ಕಡೆಯ ಮುಸ್ಲಿಂ ಮನೆಗಳೊಳಗಿನ ಮಾತು, ಕನ್ನಡದ ಜೊತೆ ಉರ್ದು ದಖನಿ ಬೆರೆತ ಆ ದನಿ ಕಿವಿಯಲ್ಲಿ ಕೇಳಿಸುತ್ತದೆ. ಬಸ್ಸಿನಲ್ಲಿ ಹೋಗುವಾಗ ಒಂದು, ಬರುವಾಗ ಒಂದು ಓದಬಹುದು. ಆದರೆ ಒಂದೇ ದಿನ ನಾಲ್ಕೈದು ಓದಬೇಡಿ. ಹೆಣ್ಣಿನ ಸಂಕಟದ ಕಥೆ ಒಂದರ ಮೇಲೊಂದು ಬಂದಾಗ ಪ್ರತಿಯೊಂದಕ್ಕೂ ಸಿಗಬೇಕಾದ ಜಾಗ ಸಿಗುವುದಿಲ್ಲ.

ಮನೆಯಲ್ಲಿ ಕನ್ನಡ ಮಾತಾಡುವ ಆದರೆ ಓದಲು ಬರದ ಮಕ್ಕಳು ಮುಂಬೈಯಲ್ಲೋ ಅಮೆರಿಕದಲ್ಲೋ ಇದ್ದಾರೆ, ಅವರಿಗೆ ಏನು ಕೊಡುವುದು? 'ಘಾಚರ್ ಘೋಚರ್' ಅನ್ನು ಶ್ರೀನಾಥ್ ಪೇರೂರು, 'ತೇಜೋ-ತುಂಗಭದ್ರಾ'ವನ್ನು ಮೈತ್ರೇಯಿ ಕರ್ನೂರು ಇಂಗ್ಲಿಷಿಗೆ ತಂದಿದ್ದಾರೆ. ಇಪ್ಪತ್ತರ ಹರೆಯದವರಿಗೆ ಮೊದಲನೆಯದೇ ಸರಿ, ನಗರದ ಮನೆ, ದುಡ್ಡು, ಮದುವೆ ಅವರಿಗೂ ಗೊತ್ತಿರುವ ಲೋಕ. ದೂರದ ಊರಿಗೆ ಪುಸ್ತಕ ತರಿಸಿಕೊಳ್ಳಲು ಪುಸ್ತಕದ ಬೆಲೆಗಿಂತ ಅಂಚೆ ವೆಚ್ಚವೇ ಜಾಸ್ತಿ ಆಗುವುದುಂಟು. ಹಾಗಿದ್ದಾಗ ಮೈಲ್ಯಾಂಗ್ ಥರದ ಆ್ಯಪ್‌ಗಳಲ್ಲಿ ಇ-ಪುಸ್ತಕ, ಆಡಿಯೋ ಪುಸ್ತಕ ಹುಡುಕಿ ನೋಡಿ. ಆಡಿಯೋದಲ್ಲಿ ಕೇಳುವುದಾದರೆ ಮಾತುಕತೆ ಜಾಸ್ತಿ ಇರುವ ಪುಸ್ತಕ ಆರಿಸಿ. ಗಣೇಶಯ್ಯನವರದು ಕೇಳಲು ಕಷ್ಟ, ಅದರ ಅರ್ಧ ಸೊಗಸು ಫೋಟೋ, ನಕ್ಷೆ ನೋಡುವುದರಲ್ಲಿದೆ.

ಭೈರಪ್ಪನವರ 'ಪರ್ವ' ಪಟ್ಟಿಯಲ್ಲಿ ಯಾಕಿಲ್ಲ ಅಂತ ಕೇಳುವವರಿಗೆ: ಇದೆ, ಬೇಕಂತಲೇ ಕೊನೆಗಿಟ್ಟಿದ್ದೇನೆ. ಮಹಾಭಾರತವನ್ನು ಪವಾಡ ತೆಗೆದು, ನಮ್ಮ ನಿಮ್ಮ ಹಾಗೆ ಬೆವರುವ, ವಯಸ್ಸಾಗುವ, ಅನುಮಾನ ಪಡುವ ಮನುಷ್ಯರ ಕಥೆಯಾಗಿ ಬರೆದದ್ದು. 1979ರಲ್ಲಿ ಬಂತು. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಸುಲಭ ಅಂದುಕೊಂಡು ಇದರಿಂದಲೇ ಓದು ಶುರು ಮಾಡುವವರು ಬಹಳ ಜನ. ಆದರೆ ಇದು ಹಸ್ತಿನಾವತಿಯಲ್ಲಿ ಶುರುವಾಗುವುದಿಲ್ಲ. ಎಲ್ಲೋ ದೂರದ ಮದ್ರದಲ್ಲಿ, ಮುದುಕ ಶಲ್ಯನ ಮನೆಯಲ್ಲಿ, ಮದುವೆ, ಹೆಣ್ಣಿಗಾಗಿ ಕೊಡುವ ತೆರ ಅಂತ ನಿಧಾನವಾಗಿ ಶುರುವಾಗುತ್ತದೆ. ಪಾಂಡವರು ಎಲ್ಲಿ, ಕೃಷ್ಣ ಎಲ್ಲಿ ಅಂತ ಕಾದು ಕಾದು ಅಲ್ಲೇ ಬಿಟ್ಟವರನ್ನು ನಾನು ಎಷ್ಟೋ ಜನರನ್ನು ನೋಡಿದ್ದೇನೆ. ಮೊದಲು ಮೇಲಿನವುಗಳಲ್ಲಿ ಎರಡು ಮೂರು ಓದಿ ಕೈ ಕುದುರಿಸಿಕೊಳ್ಳಿ. ಆಮೇಲೆ ಇದನ್ನು ತೆಗೆದಾಗ ಶಲ್ಯನ ಭಾಗವನ್ನು ಅವಸರ ಮಾಡದೆ ದಾಟಿ, ಕುಂತಿ ತನ್ನ ಹಳೆಯದನ್ನೆಲ್ಲ ನೆನೆಸಿಕೊಳ್ಳುವ ಭಾಗದವರೆಗೆ ಹೋಗಿ. ಅಲ್ಲಿಯೂ ಹಿಡಿಸದಿದ್ದರೆ ಧಾರಾಳವಾಗಿ ಬಿಟ್ಟುಬಿಡಿ.